ಖಾಸಗಿ ಆರೋಗ್ಯ ಯೋಜನೆಗಳ ಮಾಹಿತಿ: ಮೊದಲು ದುಡ್ಡಿನ ದಾರಿ ಬರೆಯಿರಿ

ಪ್ರಶ್ನೆ: ನಮ್ಮದು ಧಾರವಾಡದ ಚಿಕ್ಕ ಸಂಸ್ಥೆ. ಭಾರತದಲ್ಲೂ ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಬೇರೆ ದೇಶಗಳಲ್ಲೂ ಖಾಸಗಿಯವರು ನಡೆಸುವ ಆರೋಗ್ಯ ಯೋಜನೆಗಳ ವಿವರ ಸೇರಿಸಿ ಕನ್ನಡದಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಕ್ಲಿನಿಕ್ ಸರಣಿ, ಸರ್ಕಾರದ ಜತೆ ಒಪ್ಪಂದ ಮಾಡಿಕೊಂಡ ಆಸ್ಪತ್ರೆ, ವಿಮೆ ಹೀಗೆ ಅರವತ್ತು ಯೋಜನೆಗಳಾಗಿವೆ. ಓದುತ್ತ ಹೋದರೆ ಎಲ್ಲವೂ ಒಂದೇ ಥರ ಕಾಣುತ್ತವೆ: ಎಲ್ಲವೂ ಬಡವರಿಗೆ, ಎಲ್ಲವೂ ಅಗ್ಗ, ಎಲ್ಲವೂ ಯಶಸ್ವಿ. ತಾಲ್ಲೂಕು ಮಟ್ಟದಲ್ಲಿ ಆಸ್ಪತ್ರೆ ನಡೆಸುವವರಿಗೆ ಇದು ಕೆಲಸಕ್ಕೆ ಬರಬೇಕಾದರೆ ಒಂದೊಂದು ಯೋಜನೆಯ ಬಗ್ಗೆ ಏನು ಬರೆಯಬೇಕು, ಎಲ್ಲಿಂದ ತರಬೇಕು, ಯಾವುದನ್ನು ನಂಬಬಾರದು?

ಉತ್ತರ: ಅರವತ್ತೂ ಯಶಸ್ವಿಯಾಗಿ ಕಾಣುವುದಕ್ಕೆ ಕಾರಣ ಸರಳ. ಅವುಗಳ ಬಗ್ಗೆ ಬರೆದವರಲ್ಲಿ ಬಹುಪಾಲು ಮಂದಿ ಹಣ ಕೇಳುವವರು, ಇಲ್ಲವೇ ಹಣ ಕೊಟ್ಟು ಅದನ್ನು ಸಮರ್ಥಿಸಿಕೊಳ್ಳಬೇಕಾದವರು. ಹಾಗಾಗಿ ನಿಮ್ಮ ನಮೂನೆಯಲ್ಲಿ ಯೋಜನೆಯ ಹೆಸರಿನ ಕೆಳಗೇ ಎರಡು ಸಾಲು ಸೇರಿಸಿ: ಈ ವಿವರ ಬರೆದವರು ಯಾರು, ಬರೆಯಲು ದುಡ್ಡು ಕೊಟ್ಟವರು ಯಾರು. ಈ ಎರಡು ಸಾಲು ತುಂಬಿಸಿದ ಮೇಲೆ ಅರ್ಧ ಪಟ್ಟಿಯನ್ನು ನೀವೇ ಬೇರೆ ಕಣ್ಣಿನಿಂದ ಓದುತ್ತೀರಿ.

ಅದಾದ ಮೇಲೆ ದುಡ್ಡಿನ ದಾರಿ. "ಕಡಿಮೆ ದರದಲ್ಲಿ ಗುಣಮಟ್ಟದ ಸೇವೆ" ಎಂಬ ವಾಕ್ಯವನ್ನು ಪಟ್ಟಿಯಿಂದ ಪೂರ್ತಿ ಅಳಿಸಿಬಿಡಿ. ಆ ಜಾಗದಲ್ಲಿ ಈ ಐದಕ್ಕೆ ಉತ್ತರ ಇರಲಿ: ರೋಗಿ ಕೌಂಟರಿನಲ್ಲಿ ಎಷ್ಟು ಕೊಡುತ್ತಾನೆ, ಸರ್ಕಾರ ಅಥವಾ ವಿಮೆ ಆಸ್ಪತ್ರೆಗೆ ಎಷ್ಟು ಕೊಡುತ್ತದೆ, ಯಾವ ಲೆಕ್ಕದಲ್ಲಿ ಕೊಡುತ್ತದೆ (ಪ್ರತಿ ರೋಗಿಗೋ, ಪ್ಯಾಕೇಜಿಗೋ, ವರ್ಷಕ್ಕೆ ಇಷ್ಟು ಅಂತಲೋ), ಕಟ್ಟಡ ಮತ್ತು ಯಂತ್ರಗಳ ಬಂಡವಾಳ ಯಾರದು, ಅನುದಾನ ನಿಂತ ಮರುದಿನ ಸಂಬಳ ಕೊಡುವವರು ಯಾರು. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ. ಯೋಜನೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತೀರ್ಮಾನಿಸುವುದು ಅದೇ.

ಗುಜರಾತಿನ ಚಿರಂಜೀವಿ ಯೋಜನೆ ಇದಕ್ಕೆ ಒಳ್ಳೆಯ ಪಾಠ. 2005ರ ಕೊನೆಯಲ್ಲಿ ಐದು ಜಿಲ್ಲೆಗಳಲ್ಲಿ ಶುರುವಾಯಿತು. ಬಡ ಕುಟುಂಬದ ಗರ್ಭಿಣಿ ಖಾಸಗಿ ಪ್ರಸೂತಿ ತಜ್ಞರ ಬಳಿ ಹೋಗಿ ದುಡ್ಡು ಕೊಡದೆ ಹೆರಿಗೆ ಮಾಡಿಸಿಕೊಳ್ಳಬಹುದಿತ್ತು, ತಜ್ಞರಿಗೆ ಸರ್ಕಾರ ಕೊಡುತ್ತಿತ್ತು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬರೆಯಬೇಕಾದದ್ದು ದರದ ಲೆಕ್ಕ. ಒಂದೊಂದು ಹೆರಿಗೆಗೆ ಒಂದೊಂದು ದರ ಇಡದೆ 100 ಹೆರಿಗೆಗೆ ಸೇರಿಸಿ ಸುಮಾರು 1.8 ಲಕ್ಷ ರೂಪಾಯಿ ಎಂದು ನಿಗದಿ ಮಾಡಿದರು. ನೂರರಲ್ಲಿ 7 ಸಿಸೇರಿಯನ್, ಇನ್ನಷ್ಟು ತೊಡಕಿನ ಹೆರಿಗೆ, ಉಳಿದದ್ದು ಸಹಜ ಎಂಬ ಅಂದಾಜಿನ ಮೇಲೆ ಆ ಮೊತ್ತ ನಿಂತಿತ್ತು. ಸಿಸೇರಿಯನ್ ಮಾಡಿದರೂ ಮಾಡದಿದ್ದರೂ ಕೈಗೆ ಬರುವ ದುಡ್ಡು ಅಷ್ಟೇ, ಆದ್ದರಿಂದ ಬೇಡದ ಕುಯ್ಯುವಿಕೆಗೆ ಆಸೆ ಹುಟ್ಟುವುದಿಲ್ಲ. ಇದೇ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ: ತೊಡಕಿನ ಹೆರಿಗೆ ಬಂದರೆ ವೈದ್ಯರಿಗೆ ನಷ್ಟ. ಅಂಥವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ ಸುಲಭದವರನ್ನು ಇಟ್ಟುಕೊಳ್ಳುವ ಆಸೆ ಹುಟ್ಟಬಹುದು. ಇಂಥ ಯೋಜನೆಯನ್ನು ತನ್ನ ಊರಿನಲ್ಲಿ ಮಾಡಹೊರಟವನಿಗೆ ಬೇಕಾದದ್ದು ಈ ಎರಡು ವಾಕ್ಯ. "ನವೀನ ಸಹಭಾಗಿತ್ವ" ಎಂಬ ಮಾತಿನಿಂದ ಅವನಿಗೆ ಏನೂ ದಕ್ಕುವುದಿಲ್ಲ.

ಚಿರಂಜೀವಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 2006ರಲ್ಲೇ ಅದಕ್ಕೆ ಏಷ್ಯಾ ಮಟ್ಟದ ಆವಿಷ್ಕಾರ ಪ್ರಶಸ್ತಿ ಬಂತು. ಆರಂಭದ ಲೇಖನಗಳು ಯೋಜನೆಯದೇ ದಾಖಲೆ ಹಿಡಿದು ತಾಯಂದಿರ ಸಾವು ಬಹಳ ತಗ್ಗಿತು ಎಂದವು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ಅಧ್ಯಯನ 5,597 ಮನೆಗಳ ಸಮೀಕ್ಷೆ ಮಾಡಿ, ಯೋಜನೆ ಬಂದ ಜಿಲ್ಲೆ ಮತ್ತು ಇನ್ನೂ ಬಾರದ ಜಿಲ್ಲೆಗಳನ್ನು ಹಿಂದು ಮುಂದು ಹೋಲಿಸಿತು. ಆಸ್ಪತ್ರೆ ಹೆರಿಗೆಯಲ್ಲಾಗಲಿ ಮನೆಯವರ ಖರ್ಚಿನಲ್ಲಾಗಲಿ ಯೋಜನೆಯಿಂದಲೇ ಆಯಿತು ಎನ್ನಬಹುದಾದ ಬದಲಾವಣೆ ಅದಕ್ಕೆ ಸಿಗಲಿಲ್ಲ. ಏಕೆ ಈ ಅಂತರ? ಆ ವರ್ಷಗಳಲ್ಲಿ ಗುಜರಾತಿನಲ್ಲಿ ಆಸ್ಪತ್ರೆ ಹೆರಿಗೆ ಹೇಗೂ ಏರುತ್ತಿತ್ತು. ಯೋಜನೆಯಡಿ ಬಂದವರಲ್ಲಿ ಅನೇಕರು ಯೋಜನೆ ಇಲ್ಲದಿದ್ದರೂ ಆಸ್ಪತ್ರೆಗೇ ಹೋಗುತ್ತಿದ್ದವರು. ಫಲಾನುಭವಿಗಳ ಎಣಿಕೆ ಇದನ್ನು ತೋರಿಸುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಚಿರಂಜೀವಿ ಇದ್ದು ಪ್ರಶಸ್ತಿ ಮಾತ್ರ ಇದ್ದರೆ, ಈ ಪ್ಯಾರಾ ಕಳೆದುಹೋಗಿದೆ ಎಂದರ್ಥ.

ಎದುರು ಉದಾಹರಣೆ ನಮ್ಮಲ್ಲೇ ಇದೆ. ವಾಜಪೇಯಿ ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾಗಿ ಆಮೇಲೆ ದಕ್ಷಿಣಕ್ಕೆ ಬಂತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆ, ಕೊಡುವವರಲ್ಲಿ ಖಾಸಗಿ ಆಸ್ಪತ್ರೆಗಳೂ ಸೇರಿದ್ದವು, ಪಾವತಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ. ಜಾರಿಯ ಗಡಿರೇಖೆಯ ಆಚೀಚೆ ಇರುವ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಒಳಗೊಳ್ಳುವ ರೋಗಗಳಿಂದ ಆದ ಸಾವು ಗಡಿಯ ಉತ್ತರಕ್ಕೆ ಬಡ ಮನೆಗಳಲ್ಲಿ ಶೇ 0.32, ದಕ್ಷಿಣಕ್ಕೆ ಶೇ 0.90. ಪಕ್ಕಪಕ್ಕದ ಊರು, ಅದೇ ಮಳೆ, ಅದೇ ಬಡತನ, ಯೋಜನೆ ಇದೆಯೋ ಇಲ್ಲವೋ ಎಂಬುದೊಂದೇ ವ್ಯತ್ಯಾಸ. ಹೀಗಾಗಿ ಈ ಅಂಕಿಗೆ ತೂಕ ಹೆಚ್ಚು. ಯೋಜನೆಯ ವಿವರದಲ್ಲಿ "ಪುರಾವೆ" ಎಂಬ ಅಂಕಣ ಇಟ್ಟು ನಾಲ್ಕೇ ಆಯ್ಕೆ ಕೊಡಿ: ಯೋಜನೆಯವರ ಹೇಳಿಕೆ ಮಾತ್ರ, ಹಿಂದು ಮುಂದಿನ ಅಳತೆ, ಹೋಲಿಕೆ ಗುಂಪು ಇರುವ ಸ್ವತಂತ್ರ ಅಧ್ಯಯನ, ಚೀಟಿ ಎತ್ತಿ ಗುಂಪು ಹಂಚಿದ ಪ್ರಯೋಗ. ನಿಮ್ಮ ಅರವತ್ತರಲ್ಲಿ ಬಹುಪಾಲು ಮೊದಲ ಗುಂಪಿಗೇ ಬಿದ್ದರೆ ಮುಜುಗರ ಬೇಡ. ಬಿದ್ದಿರುವುದನ್ನು ಕಾಣುವಂತೆ ಬರೆದರೆ ಸಾಕು.

ಸರ್ಕಾರ ಮತ್ತು ಖಾಸಗಿಯವರ ದೀರ್ಘ ಒಪ್ಪಂದದ ಆಸ್ಪತ್ರೆಗಳಿಗೆ ಇಷ್ಟು ಸಾಲದು. ಅಲ್ಲಿ ಒಪ್ಪಂದದ ಕಾಗದವನ್ನೇ ಓದಬೇಕು. ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗಿರುವ ಪುಟ್ಟ ದೇಶ ಲೆಸೊಥೊ. ಅದರ ರಾಜಧಾನಿ ಮಸೇರುವಿನಲ್ಲಿ ಹಳೆಯ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಬದಲು ಕ್ವೀನ್ ಮಮೊಹಾಟೊ ಸ್ಮಾರಕ ಆಸ್ಪತ್ರೆ ಕಟ್ಟಲು 2008ರಲ್ಲಿ 18 ವರ್ಷದ ಒಪ್ಪಂದವಾಯಿತು. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ದಕ್ಷಿಣ ಆಫ್ರಿಕಾದ ನೆಟ್‌ಕೇರ್ ಮುಂದಾಳತ್ವದ ಟ್ಸೆಪೊಂಗ್ ಎಂಬ ಒಕ್ಕೂಟ. ಸಲಹೆ ಕೊಟ್ಟದ್ದು ವಿಶ್ವಬ್ಯಾಂಕ್ ಗುಂಪಿನಲ್ಲಿ ಖಾಸಗಿ ವಲಯಕ್ಕೆ ಹಣ ಹೂಡುವ ಸಂಸ್ಥೆ ಐಎಫ್‌ಸಿ. ಆಸ್ಪತ್ರೆ 2011ರ ಅಕ್ಟೋಬರ್‌ನಲ್ಲಿ ತೆರೆಯಿತು, 425 ಹಾಸಿಗೆ.

ಬಾಸ್ಟನ್ ವಿಶ್ವವಿದ್ಯಾಲಯದವರು ಹಳೆಯ ಆಸ್ಪತ್ರೆಯನ್ನೂ ಹೊಸದನ್ನೂ ಅಳೆದರು. ಒಟ್ಟು ಸಾವಿನ ಪ್ರಮಾಣ ಶೇ 41ರಷ್ಟು ಇಳಿದಿತ್ತು. 2014ರಲ್ಲಿ ಬಡತನದ ವಿರುದ್ಧ ಕೆಲಸ ಮಾಡುವ ಸಂಸ್ಥೆ ಆಕ್ಸ್‌ಫಾಮ್ ಒಂದು ವರದಿ ತಂದು, ಈ ಒಂದು ಆಸ್ಪತ್ರೆಯೇ ದೇಶದ ಆರೋಗ್ಯ ಬಜೆಟ್ಟಿನ ಶೇ 51 ನುಂಗುತ್ತಿದೆ ಎಂದಿತು. ವಿಶ್ವಬ್ಯಾಂಕ್ ಆ ಲೆಕ್ಕವನ್ನು ಒಪ್ಪಲಿಲ್ಲ. ಸಾಮಾನ್ಯವಾಗಿ ಯೋಜನೆಯ ಪರವಾಗಿ ಬರೆಯುವವರು ಶೇ 41 ಉಳಿಸಿಕೊಂಡು ಶೇ 51 ಬಿಡುತ್ತಾರೆ, ವಿರೋಧಿಸುವವರು ತಿರುಗಾಮುರುಗಾ. ಒಪ್ಪಂದ ಓದಿದವರಿಗೆ ಎರಡೂ ಒಟ್ಟಿಗೆ ಹೇಗೆ ಆಗಬಹುದು ಎಂಬುದು ತಿಳಿಯುತ್ತದೆ. ಸರ್ಕಾರ ಒಕ್ಕೂಟಕ್ಕೆ ಕೊಡುವ ವಾರ್ಷಿಕ ಶುಲ್ಕ ಬೆಲೆಯೇರಿಕೆಗೆ ತಕ್ಕಂತೆ ಏರುತ್ತಿತ್ತು. ಆ ಶುಲ್ಕಕ್ಕೆ ವರ್ಷಕ್ಕೆ 20,000 ಒಳರೋಗಿಗಳು, 3,10,000 ಹೊರರೋಗಿಗಳು ಎಂಬ ಮಿತಿ ಇತ್ತು, ಅದನ್ನು ಮೀರಿದ ಪ್ರತಿಯೊಬ್ಬರಿಗೂ ಹೆಚ್ಚುವರಿ ಪಾವತಿ. ಒಳ್ಳೆಯ ಆಸ್ಪತ್ರೆ ಎಂದು ಗೊತ್ತಾದ ಮೇಲೆ ಜನ ಬಾರದೆ ಇರುತ್ತಾರೆಯೇ? ಮೇಲಾಗಿ ಸರ್ಕಾರ ತಡವಾಗಿ ಕೊಟ್ಟರೆ ಬಡ್ಡಿ. ಚಿಕಿತ್ಸೆ ಸುಧಾರಿಸಿದ್ದೇ ಬಿಲ್ ಏರಲು ಒಂದು ಕಾರಣವಾಯಿತು. ಕಡೆಗೆ 2021ರಲ್ಲಿ, ಅವಧಿ ಮುಗಿಯುವ ಮೊದಲೇ, ಒಪ್ಪಂದ ರದ್ದಾಯಿತು.

ಆದ್ದರಿಂದ ಒಪ್ಪಂದದ ಆಸ್ಪತ್ರೆ ಯಾವುದೇ ಇರಲಿ, ಬರೆದಿಡಬೇಕಾದ ಷರತ್ತುಗಳು ಇವು: ಅವಧಿ, ವಾರ್ಷಿಕ ಪಾವತಿ ಮತ್ತು ಅದು ಯಾವ ಸೂಚ್ಯಂಕದಂತೆ ಏರುತ್ತದೆ, ರೋಗಿಗಳ ಮಿತಿ ಮತ್ತು ಮೀರಿದಾಗಿನ ದರ, ತಡ ಪಾವತಿಯ ಬಡ್ಡಿ, ಕೆಲಸ ಕೆಟ್ಟರೆ ದಂಡ, ನಡುವೆ ಮುರಿದರೆ ಯಾರು ಯಾರಿಗೆ ಕೊಡಬೇಕು. ಕೊನೆಯ ಷರತ್ತು ಸಾಮಾನ್ಯವಾಗಿ ಅನುಬಂಧದ ಹಿಂದಿನ ಪುಟಗಳಲ್ಲಿ ಅಡಗಿರುತ್ತದೆ.

ಇನ್ನು ಸಂಖ್ಯೆಗಳು. "10 ಲಕ್ಷ ಜನರಿಗೆ ಸೇವೆ" ಎಂದು ಬರೆದಲ್ಲೆಲ್ಲ ಅದು ಜನವೋ ಭೇಟಿಯೋ ಎಂದು ಕೇಳಿ. ಒಬ್ಬ ಮಧುಮೇಹಿ ತಿಂಗಳಿಗೊಮ್ಮೆ ಬಂದರೆ ವರ್ಷಕ್ಕೆ 12 ಭೇಟಿ. ಆರಂಭದಿಂದ ಇಲ್ಲಿಯವರೆಗಿನ ಮೊತ್ತವೋ ಕಳೆದ ವರ್ಷದ್ದೋ ಎಂಬುದೂ ಬೇಕು, ಏಕೆಂದರೆ ಮುಚ್ಚುವ ಹಂತದಲ್ಲಿರುವ ಕ್ಲಿನಿಕ್ಕಿನ ಒಟ್ಟು ಮೊತ್ತವೂ ಏರುತ್ತಲೇ ಇರುತ್ತದೆ. ಕುಟುಂಬ ಯೋಜನೆಯ ಫ್ರಾಂಚೈಸಿಗಳು "ದಂಪತಿ ರಕ್ಷಣಾ ವರ್ಷ" ಎಂಬ ಲೆಕ್ಕ ಕೊಡುತ್ತವೆ. 120 ಕಾಂಡೋಮ್, ಇಲ್ಲವೇ 15 ತಿಂಗಳ ಮಾತ್ರೆ, ಇಲ್ಲವೇ ಮೂರು ತಿಂಗಳಿನ 4 ಚುಚ್ಚುಮದ್ದು ಸೇರಿದರೆ ಒಂದು ವರ್ಷ. ಹಂಚಿದ್ದನ್ನು ಗುಣಿಸಿ ತೆಗೆದ ಅಂಕಿ ಇದು. ಬಳಸಿದರೋ ಇಲ್ಲವೋ ಯಾರೂ ಅಳೆದಿರುವುದಿಲ್ಲ. ಅದರಿಂದ ಮತ್ತೆ ಗುಣಿಸಿ "ತಡೆದ ತಾಯಿ ಮರಣ" ಎಂದು ಬರೆದಿದ್ದರೆ "ಅಂದಾಜು ಸೂತ್ರದಿಂದ" ಎಂಬ ಎರಡು ಪದ ಪಕ್ಕದಲ್ಲಿ ಇಡಿ.

ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಇದಕ್ಕಿಂತ ಗಟ್ಟಿ ಅಳತೆ ಇದೆ. ಆಪರೇಷನ್ ಆದ ಕಣ್ಣುಗಳಲ್ಲಿ ಶೇ 80ಕ್ಕಿಂತ ಹೆಚ್ಚಿಗೆ 6/18 (ಸರಿಯಾದ ಕಣ್ಣು 18 ಮೀಟರಿನಿಂದ ಕಾಣುವುದನ್ನು 6 ಮೀಟರಿನಿಂದ ಕಾಣುವುದು) ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಬರಬೇಕು, 6/60ಕ್ಕಿಂತ ಕೆಟ್ಟದಾಗಿ ಉಳಿದದ್ದು ಶೇ 5ಕ್ಕಿಂತ ಕಡಿಮೆ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಇಟ್ಟ ಗುರಿ. ಅಂಕಿ ಕೊಟ್ಟವರಿಗೆ ಮತ್ತೊಂದು ಪ್ರಶ್ನೆ ಹಾಕಿ: ನೂರರಲ್ಲಿ ಎಷ್ಟು ಜನ ಮರುತಪಾಸಣೆಗೆ ಬಂದರು? ಮೂವತ್ತೇ ಜನ ಬಂದಿದ್ದರೆ ಆ ಶೇಕಡಾವಾರು ಮೂವತ್ತು ಜನರದ್ದು. ಕಾಣದೆ ಮನೆಯಲ್ಲಿ ಕೂತವನು ಅದರಲ್ಲಿ ಇಲ್ಲ.

"ಬಡವರಿಗೆ" ಎಂಬ ಪದಕ್ಕೂ ಅಳತೆ ಇದೆ. ಕ್ಲಿನಿಕ್ ಕೊಳೆಗೇರಿಯ ಪಕ್ಕದಲ್ಲಿದೆ ಎಂದರೆ ಬರುವವರು ಕೊಳೆಗೇರಿಯವರೇ ಆಗಬೇಕಿಲ್ಲ. ಮನೆಯ ನೆಲ, ಅಡುಗೆ ಇಂಧನ, ಟಿವಿ, ಬೈಕ್ ಇಂಥ ಹತ್ತು ಹನ್ನೆರಡು ಪ್ರಶ್ನೆ ಕೇಳಿ, ಆ ದೇಶದ ರಾಷ್ಟ್ರೀಯ ಕುಟುಂಬ ಸಮೀಕ್ಷೆಯ ಜತೆ ಹೋಲಿಸಿ, ರೋಗಿ ಐದರಲ್ಲಿ ಯಾವ ಆರ್ಥಿಕ ಹಂತಕ್ಕೆ ಸೇರುತ್ತಾನೆ ಎಂದು ಹೇಳುವ ಸಿದ್ಧ ಪ್ರಶ್ನಾವಳಿಗಳು ಬಹಳ ದೇಶಗಳಿಗೆ ಇವೆ. ಈಕ್ವಿಟಿ ಟೂಲ್ ಎಂಬುದು ಅಂಥದ್ದು. ರೋಗಿಗಳಲ್ಲಿ ಅತಿ ಬಡ ಐದನೇ ಒಂದು ಭಾಗದವರು ಶೇ 20ಕ್ಕಿಂತ ಕಡಿಮೆ ಇದ್ದರೆ ಆ ಯೋಜನೆ ಬಡವರನ್ನು ಅವರ ಪಾಲಿಗಿಂತ ಕಡಿಮೆ ಮುಟ್ಟುತ್ತಿದೆ. ಅಳೆದಿಲ್ಲ ಎಂದರೆ "ಅಳೆದಿಲ್ಲ" ಎಂದು ಬರೆಯಿರಿ.

ತಾಲ್ಲೂಕು ಆಸ್ಪತ್ರೆ ನಡೆಸುವವರಿಗೆ ಎಂದಿರಿ. ಅವರು ಹುಡುಕುವುದು ಕೆಲಸದ ವಿಧಾನವನ್ನು. ಮದುರೈಯ ಅರವಿಂದ ಕಣ್ಣಾಸ್ಪತ್ರೆ 1976ರಲ್ಲಿ 11 ಹಾಸಿಗೆಯಿಂದ ಶುರುವಾದದ್ದು ಎಲ್ಲ ಬರಹದಲ್ಲೂ ಸಿಗುತ್ತದೆ. ಒಬ್ಬ ಶಸ್ತ್ರವೈದ್ಯನಿಗೆ ಎರಡು ಮೇಜು, ಒಂದರ ಮೇಲೆ ಆಪರೇಷನ್ ನಡೆಯುವಾಗಲೇ ಪಕ್ಕದ ಮೇಜಿನ ಮೇಲೆ ಮುಂದಿನ ರೋಗಿ ಸಿದ್ಧ, ಸಿದ್ಧತೆಯೆಲ್ಲ ತರಬೇತಿ ಪಡೆದ ಹಳ್ಳಿ ಹೆಣ್ಣುಮಕ್ಕಳ ಕೈಯಲ್ಲಿ. ಇದು ಮುಖ್ಯ ವಿವರ. ಇನ್ನೂ ಮುಖ್ಯವಾದದ್ದು ಲೆನ್ಸ್‌ನ ಬೆಲೆ. ಆಮದು ಲೆನ್ಸ್ 100 ಡಾಲರ್ ಆಸುಪಾಸಿನಲ್ಲಿದ್ದ ಕಾಲದಲ್ಲಿ, 1992ರಲ್ಲಿ ಆರೋಲ್ಯಾಬ್ ಎಂಬ ಸ್ವಂತ ತಯಾರಿಕಾ ಘಟಕ ತೆರೆದು ಅದನ್ನು 10 ಡಾಲರ್ ಮಟ್ಟಕ್ಕೆ ಇಳಿಸಿದರು. ಅರವಿಂದದಂತೆ ಮಾಡುತ್ತೇವೆ ಎಂದು ಹೊರಟವರು ಲೆನ್ಸ್, ಹೊಲಿಗೆ ದಾರ, ಔಷಧಿಗೆ ಎಷ್ಟು ಕೊಡುತ್ತಾರೆ ಎಂಬುದರ ಮೇಲೆ ಅವರು ಉಚಿತವಾಗಿ ನೋಡಬಲ್ಲ ರೋಗಿಗಳ ಸಂಖ್ಯೆ ನಿಲ್ಲುತ್ತದೆ. ಅದೇ 1992ರಲ್ಲಿ ತೆರೆದ ಅವರ ತರಬೇತಿ ಸಂಸ್ಥೆ ಲೈಕೊ, ಬೇರೆ ಆಸ್ಪತ್ರೆಯ ವೈದ್ಯ, ಆಡಳಿತಾಧಿಕಾರಿ, ದಾದಿ ಎಲ್ಲರನ್ನೂ ತಂಡವಾಗಿ ಕರೆಸಿ ಕೆಲಸ ತೋರಿಸುತ್ತದೆ. ಮುನ್ನೂರಕ್ಕೂ ಹೆಚ್ಚು ಆಸ್ಪತ್ರೆಗಳು ಹೀಗೆ ಕಲಿತಿವೆ. ಕಾಗದದ ಮೇಲೆ ಅಷ್ಟು ಸಾಧ್ಯವಿಲ್ಲ. ಆದರೂ ಒಂದು ದಿನಕ್ಕೆ ಎಷ್ಟು ಸಿಬ್ಬಂದಿ, ಎಷ್ಟು ರೋಗಿ, ಒಬ್ಬ ರೋಗಿಗೆ ಬಳಸುವ ಸಾಮಗ್ರಿಯ ಬೆಲೆ ಎಷ್ಟು ಎಂಬ ಮೂರು ಅಂಕಿ ಪ್ರತಿ ಯೋಜನೆಗೂ ಪಡೆಯಬಹುದು.

ದಿನಾಂಕದ ವಿಷಯಕ್ಕೆ ಯಶಸ್ವಿನಿಯೇ ಸಾಕು. 2003ರಲ್ಲಿ ಜಾರಿಗೆ ಬಂದಾಗ ಸಹಕಾರ ಸಂಘದ ಸದಸ್ಯ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟುತ್ತಿದ್ದ. ಆ "ಐದು ರೂಪಾಯಿ ವಿಮೆ" ಹೊರದೇಶದ ಬರಹಗಳಲ್ಲಿ ಅಚ್ಚೊತ್ತಿದಂತೆ ನಿಂತುಬಿಟ್ಟಿತು. ಕೆಲವೇ ವರ್ಷಗಳಲ್ಲಿ ಅದು 120 ಆಗಿತ್ತು, ಸರ್ಕಾರದ ಅನುದಾನವೂ ಜತೆಗಿತ್ತು. 2018ರಲ್ಲಿ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು. 2022ರ ಕೊನೆಗೆ ಮತ್ತೆ ನೋಂದಣಿ ಶುರುವಾದಾಗ ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ 500 ರೂಪಾಯಿ, ನಗರದ ಕುಟುಂಬಕ್ಕೆ 1,000, ರಕ್ಷಣೆ 5 ಲಕ್ಷದವರೆಗೆ. ಹೆಸರು ಒಂದೇ ಆದರೂ ಇವು ಬೇರೆ ಬೇರೆ ಯೋಜನೆಗಳೇ. ಆದ್ದರಿಂದ ಹಳೆಯ ನಮೂದಿನ ಮೇಲೆ ಹೊಸದನ್ನು ತಿದ್ದಿ ಬರೆಯಬೇಡಿ. ಹಳೆಯ ಸಾಲಿಗೆ ಮುಕ್ತಾಯದ ದಿನ ಹಾಕಿ ಹೊಸ ಸಾಲು ಸೇರಿಸಿ. ಪ್ರತಿ ಅಂಕಿಯ ಪಕ್ಕದಲ್ಲೂ ಯಾವ ವರ್ಷದ್ದು ಎಂದಿರಲಿ.

ದಾಖಲೆ ಎಲ್ಲಿಂದ? ಭಾರತದ ಮಟ್ಟಿಗೆ ಜನ ಮರೆಯುವ ಒಂದು ಮೂಲ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ವರದಿ. ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 10 ಕೋಟಿ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಿಎಸ್‌ಆರ್ ಹೊಣೆಯಿರುವ ಕಂಪನಿ, 1 ಕೋಟಿ ಮತ್ತು ಅದಕ್ಕಿಂತ ಹೆಚ್ಚು ಖರ್ಚಿನ ಯೋಜನೆ ಮುಗಿದು ಒಂದು ವರ್ಷವಾದ ಮೇಲೆ, ಸ್ವತಂತ್ರ ಸಂಸ್ಥೆಯಿಂದ ಪರಿಣಾಮ ಮೌಲ್ಯಮಾಪನ ಮಾಡಿಸಿ ವಾರ್ಷಿಕ ಸಿಎಸ್‌ಆರ್ ವರದಿಗೆ ಲಗತ್ತಿಸಬೇಕು. 2021ರಿಂದ ಈ ನಿಯಮ ಇದೆ. ಸಂಚಾರಿ ಆಸ್ಪತ್ರೆ, ಡಯಾಲಿಸಿಸ್ ಕೇಂದ್ರಗಳ ವಿವರ ಇವುಗಳಲ್ಲಿ ಸಿಗುತ್ತದೆ. ಹಣ ಕೊಟ್ಟವರೇ ಮಾಡಿಸಿದ ಅಧ್ಯಯನ ಎಂಬುದನ್ನು ಮರೆಯದಿದ್ದರೆ ಆಯಿತು. ಆಸ್ಪತ್ರೆ ಕಂಪನಿಯಾಗಿ ನೋಂದಣಿಯಾಗಿದ್ದರೆ ಅದರ ಲೆಕ್ಕಪತ್ರ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ 100 ರೂಪಾಯಿ ಕಟ್ಟಿದರೆ ನೋಡಲು ಸಿಗುತ್ತದೆ. ಟ್ರಸ್ಟ್ ಆಗಿದ್ದರೆ ಇಂಥ ಒಂದೇ ಬಾಗಿಲು ಇಲ್ಲ.

ಸರ್ಕಾರದ ಒಪ್ಪಂದಕ್ಕೆ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆದ್ದರಿಂದ "ಸಂಪೂರ್ಣ ಮಾಹಿತಿ ಕೊಡಿ" ಎಂದು ಬರೆದು ತಿರಸ್ಕಾರ ಮಾಡಿಸಿಕೊಳ್ಳಬೇಡಿ. ಇಂಥ ದಿನಾಂಕದ ಒಪ್ಪಂದ ಮತ್ತು ಅದರ ತಿದ್ದುಪಡಿಗಳ ಪ್ರತಿ ಎಂದು ಒಂದು ಅರ್ಜಿ. ಮೂರು ಆರ್ಥಿಕ ವರ್ಷಗಳಲ್ಲಿ ಪಾವತಿಸಿದ ಮೊತ್ತ, ವಿಧಿಸಿದ ದಂಡ ಎಂದು ಇನ್ನೊಂದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಖಾಸಗಿ ಪಾಲುದಾರರ ಅಭಿಪ್ರಾಯ ಕೇಳಬೇಕಾದರೆ 40 ದಿನವಾಗುತ್ತದೆ. ನಿರಾಕರಣೆ ಬಂದರೆ ಬಹುತೇಕ ಸೆಕ್ಷನ್ 8(1)(ಡಿ), ವ್ಯಾಪಾರ ಗೋಪ್ಯತೆಯ ಹೆಸರಲ್ಲಿ. ಆಗ ಮೇಲ್ಮನವಿಯಲ್ಲಿ ಸೆಕ್ಷನ್ 10 ಹಿಡಿಯಿರಿ: ಗೋಪ್ಯವಾದ ಸಾಲು ಮುಚ್ಚಿ ಉಳಿದದ್ದನ್ನು ಕೊಡಬೇಕು. ಮೊದಲ ಮೇಲ್ಮನವಿಗೆ 30 ದಿನದ ಗಡುವು ಇರುವುದರಿಂದ ಲಕೋಟೆ ತಲುಪಿದ ದಿನ ಬರೆದಿಟ್ಟುಕೊಳ್ಳಿ.

ಹೊರದೇಶದ ಯೋಜನೆಗಳಿಗೆ ಮೊದಲು ಐಎಫ್‌ಸಿಯ ಪ್ರಕಟಣಾ ತಾಣ ನೋಡಿ. ಅದು ಹಣ ಹಾಕುವ ಮುನ್ನ ಹೂಡಿಕೆಯ ಮೊತ್ತ, ಮಾಲೀಕರು, ಪರಿಸರ ಮತ್ತು ಸಾಮಾಜಿಕ ಅಪಾಯದ ಸಾರಾಂಶ ಪ್ರಕಟಿಸುತ್ತದೆ. ಆದರೆ ಹಣ ನೇರವಾಗಿ ಆಸ್ಪತ್ರೆಗೆ ಹೋಗದೆ ಹೂಡಿಕೆ ನಿಧಿಯ ಮೂಲಕ ಹೋದರೆ ವಿವರ ತೆಳ್ಳಗಾಗುತ್ತದೆ. ವಿಶ್ವಬ್ಯಾಂಕ್ ಸಾಲದ ಯೋಜನೆಗಳಿಗೆ ಮುಕ್ತಾಯ ವರದಿ ಇರುತ್ತದೆ, ಅದರಲ್ಲಿ ಸೋತದ್ದನ್ನೂ ಬರೆದಿರುತ್ತಾರೆ. ಆರಂಭದ ಆಕರ್ಷಕ ಕೈಪಿಡಿಗಿಂತ ಅದನ್ನೇ ಓದಿ. ದಾನಿ ದೇಶಗಳು ಐಎಟಿಐ ಎಂಬ ಸಾಮಾನ್ಯ ನಮೂನೆಯಲ್ಲಿ ಲೆಕ್ಕ ಪ್ರಕಟಿಸುತ್ತವೆ. ಅಲ್ಲಿ ಸ್ಥಿತಿಯ ಸಂಕೇತ 2 ಎಂದರೆ ನಡೆಯುತ್ತಿದೆ, 4 ಎಂದರೆ ಮುಗಿದಿದೆ. ಕೊನೆಯ ದಿನ ಕಳೆದು ಹೋದರೂ 2 ಎಂದೇ ಉಳಿದ ನಮೂದುಗಳು ಸಿಗುತ್ತವೆ, ದಿನಾಂಕದ ಜತೆ ತಾಳೆ ನೋಡಿ.

ಸಿಕ್ಕಿದ್ದನ್ನು ಕೊಂಡಿಯಾಗಿ ಬಿಡಬೇಡಿ, ಕಡತವನ್ನೇ ಇಳಿಸಿಕೊಂಡು ಪುಟ ಸಂಖ್ಯೆ ಮತ್ತು ಇಳಿಸಿದ ದಿನ ಬರೆಯಿರಿ. ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಹಲವು ವರ್ಷ ಖಾಸಗಿ ಆರೋಗ್ಯ ಯೋಜನೆಗಳ ಅಧ್ಯಯನಗಳಿಗೆ ದೊಡ್ಡ ಭಂಡಾರವಾಗಿತ್ತು. 2025ರ ಫೆಬ್ರವರಿ ಆರಂಭದಲ್ಲಿ ಅದರ ಜಾಲತಾಣವೇ ಕತ್ತಲಾಯಿತು. ಅದಕ್ಕೆ ಕೊಂಡಿ ಕೊಟ್ಟ ಪಟ್ಟಿಗಳೆಲ್ಲ ಒಂದೇ ದಿನಕ್ಕೆ ಕುರುಡಾದವು.

ಕ್ಲಿನಿಕ್ ಸರಣಿಗಳ ಹೊರಗೆ, ಯಾರ ಪಟ್ಟಿಗೂ ಸೇರದೆ ಇರುವ ಖಾಸಗಿ ವೈದ್ಯರೇ ಹೆಚ್ಚು. ಅವರ ಬಗ್ಗೆ ತಿಳಿಯಲು ಅಡ್ಡದಾರಿ ಹಿಡಿಯಬೇಕಾಗುತ್ತದೆ. ಭಾರತದಲ್ಲಿ 2012ರಿಂದ ಕ್ಷಯ ರೋಗಿಯ ಮಾಹಿತಿಯನ್ನು ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ, ಆದರೆ ಮೊದಮೊದಲು ತಿಳಿಸಿದವರು ಕಡಿಮೆ. ಸಂಶೋಧಕರು ಔಷಧಿ ಮಾರಾಟದ ಅಂಕಿ ತೆಗೆದುಕೊಂಡು ಲೆಕ್ಕ ಹಾಕಿದಾಗ, 2014ರಲ್ಲಿ ಖಾಸಗಿಯಲ್ಲಿ ಚಿಕಿತ್ಸೆ ಪಡೆದವರು ಸುಮಾರು 22 ಲಕ್ಷ ಎಂದು ಬಂತು. ಅಂದಾಜಿನ ಹರವು ದೊಡ್ಡದು, 12 ಲಕ್ಷದಿಂದ 53 ಲಕ್ಷ. ಹರವನ್ನೂ ಬರೆಯಿರಿ, ನಡುವಿನ ಅಂಕಿ ಒಂದನ್ನೇ ಎತ್ತಬೇಡಿ.

ಕೋಷ್ಟಕದಲ್ಲಿ ಆಗುವ ತಪ್ಪುಗಳು ಚಿಕ್ಕವು, ಹಾನಿ ದೊಡ್ಡದು. ಮಿಲಿಯನ್ ಅನ್ನು ಲಕ್ಷಕ್ಕೆ ತಿರುಗಿಸುವಾಗ ಒಂದು ಸೊನ್ನೆ ಜಾರುವುದು ಮಾಮೂಲು: 1.6 ಮಿಲಿಯನ್ ಎಂದರೆ 16 ಲಕ್ಷ. ಹಣವನ್ನು ಆ ದೇಶದ ನಾಣ್ಯದಲ್ಲೇ ಬರೆದು, ರೂಪಾಯಿಯ ಮೊತ್ತ ಮತ್ತು ಬಳಸಿದ ವಿನಿಮಯ ದರ ಬೇರೆ ಅಂಕಣದಲ್ಲಿ ಇಡಿ. ಆರ್ಥಿಕ ವರ್ಷ ಭಾರತದಲ್ಲಿ ಏಪ್ರಿಲ್‌ಗೆ, ಕೀನ್ಯಾ ಮತ್ತು ಬಾಂಗ್ಲಾದಲ್ಲಿ ಜುಲೈಗೆ ಶುರು. ಇಥಿಯೋಪಿಯಾದ ಪಂಚಾಂಗ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದಿದೆ, ಅಲ್ಲಿನ ವರದಿಯ 2010 ಎಂದರೆ ನಮ್ಮ 2017-18. ಖಾಲಿ ಕೋಶ ಬಿಡಬೇಡಿ. "ಕೇಳಿದರೂ ಕೊಡಲಿಲ್ಲ", "ಅವರ ಬಳಿಯೇ ಇಲ್ಲ", "ಅನ್ವಯಿಸದು", "ಸೊನ್ನೆ" ಇವು ನಾಲ್ಕು ಬೇರೆ ಉತ್ತರಗಳು.

ಯೋಜನೆಯವರಿಗೆ ಖಾಲಿ ನಮೂನೆ ಕಳಿಸಿದರೆ ತಿಂಗಳಾದರೂ ಬರುವುದಿಲ್ಲ. ಸಾರ್ವಜನಿಕ ದಾಖಲೆಯಿಂದ ನೀವೇ ತುಂಬಿಸಿ ಕಳಿಸಿ. ತಪ್ಪು ಅಂಕಿ ಕಂಡರೆ ತಿದ್ದಲು ಯಾರೂ ತಡ ಮಾಡುವುದಿಲ್ಲ. ಹದಿನೈದು ಕೆಲಸದ ದಿನ ಕೊಟ್ಟು, ಅವರ ಉತ್ತರವನ್ನು ಅವರ ಹೆಸರಲ್ಲೇ ಪಕ್ಕದಲ್ಲಿ ಪ್ರಕಟಿಸಿ. ನಿಮ್ಮ ಪಠ್ಯದೊಳಗೆ ಕರಗಿಸಬೇಡಿ. ಕಟುವಾದ ಅಂಶ ಬರೆದು ಕಾನೂನಿನ ತಕರಾರು ಬಂದರೂ ಇದು ನಿಮಗೆ ನೆರವಾಗಬಹುದು.

ರೋಗಿಗಳ ಕಡೆಗೂ ಒಂದು ಎಚ್ಚರ. ಹೋಬಳಿ ಅಥವಾ ಹಳ್ಳಿ ಮಟ್ಟದ ಕೋಷ್ಟಕದಲ್ಲಿ 5ಕ್ಕಿಂತ ಕಡಿಮೆ ಸಂಖ್ಯೆ ಬಂದರೆ "5ಕ್ಕಿಂತ ಕಡಿಮೆ" ಎಂದಷ್ಟೇ ಬರೆಯಿರಿ. ಒಂದು ಹಳ್ಳಿಯಲ್ಲಿ ಎಚ್‌ಐವಿ ಇರುವವರು ಇಬ್ಬರು ಎಂದು ಅಚ್ಚಾದರೆ ಅವರು ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ದಾನಿಗಳ ಕೈಪಿಡಿಯಲ್ಲಿ ಫೋಟೊ ಇದೆ ಎಂದ ಮಾತ್ರಕ್ಕೆ ನೀವೂ ಹಾಕಬಹುದು ಎಂದಲ್ಲ, ಆ ಒಪ್ಪಿಗೆ ಅವರಿಗೆ ಕೊಟ್ಟದ್ದು.

ಅರವತ್ತರಲ್ಲಿ ಎಲ್ಲಿಂದ ಶುರು ಮಾಡಬೇಕು ಎಂದರೆ, ನಿಂತುಹೋದವನ್ನು ಪತ್ತೆ ಮಾಡುವುದರಿಂದ. ವರದಿಯಲ್ಲಿರುವ ಫೋನಿಗೆ ಮಾಡಿ, ಈ ಮಂಗಳವಾರ ಹೊರರೋಗಿ ವಿಭಾಗ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಮಾತ್ರ ಕೇಳಿ. ಯೋಜನೆ ನಡೆಯುತ್ತಿದೆಯೇ ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಹನ್ನೆರಡು ತಿಂಗಳಿಗೊಮ್ಮೆ ಈ ಕರೆ, ಹದಿನೆಂಟು ತಿಂಗಳು ಉತ್ತರ ಸಿಗದಿದ್ದರೆ "ದೃಢಪಟ್ಟಿಲ್ಲ" ಎಂಬ ಗುರುತು. ಮುಚ್ಚಿದ್ದು ಖಚಿತವಾದರೆ ನಮೂದು ಅಳಿಸದೆ ಮುಚ್ಚಿದ ವರ್ಷ, ಕಾರಣ, ಕಟ್ಟಡ ಮತ್ತು ಸಿಬ್ಬಂದಿ ಈಗ ಯಾರ ಕೈಯಲ್ಲಿದ್ದಾರೆ ಎಂದು ಬರೆಯಿರಿ. ರಾಯಚೂರಿನ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಜನರ ಬಾಯಲ್ಲಿ ಒಪೆಕ್ ಆಸ್ಪತ್ರೆ, ಅಪೋಲೊ ಜತೆಗಿನ ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕೆ (ಪಿಪಿಪಿ) ಯೋಜನಾ ಆಯೋಗದ ಮಟ್ಟದಲ್ಲಿ ಉದಾಹರಣೆಯಾಗಿ ಹೆಸರಾಗಿತ್ತು. ಆ ಒಪ್ಪಂದ 2012ರಲ್ಲಿ ಕೊನೆಗೊಂಡು ಆಸ್ಪತ್ರೆ ಸರ್ಕಾರದ ಕೈಗೆ ಮರಳಿತು. ನಿಮ್ಮ ಅರವತ್ತರಲ್ಲಿ ಅದು ಇದ್ದರೆ, ಮೊದಲು ತಿದ್ದಬೇಕಾದ ಸಾಲು ಅದೇ.